ಸಂಡೂರಿನ ಹಾಜರಿ ಪುಸ್ತಕ

ಬಳ್ಳಾರಿಯಿಂದ ಹೊಸಪೇಟೆಯ ಹಾದಿ ಹಿಡಿದು, ಕುಡತಿನಿಯ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ಹಿಂದೆ ಹಾಕಿ, ತೋರಣಗಲ್ಲಿನಲ್ಲಿ ಸಂಡೂರಿನ ಕಡೆ ಹೊರಳಿದರೆ ಅಲ್ಲಲ್ಲಿ ಒಂದು ಕೊಳವೆ ಕಣ್ಣಿಗೆ ಬೀಳುತ್ತದೆ. ಉಕ್ಕಿನ ಕಂಬಗಳ ಮೇಲೇರಿ, ಹೊಲಗಳನ್ನು ದಾಟಿ, ಗುಡ್ಡದ ಮಗ್ಗುಲು ಹಿಡಿದು ಅದು ಸಾಗುತ್ತದೆ. ಅದರೊಳಗೆ ಸುರುಳಿ ಸುತ್ತಿಕೊಂಡ ರಬ್ಬರ್ ಪಟ್ಟಿಯ ಮೇಲೆ ಕಬ್ಬಿಣದ ಅದಿರು ಹಗಲೂ ರಾತ್ರಿ ಹರಿಯುತ್ತದೆ. ನಂದಿಹಳ್ಳಿಯ ಕಡೆಯಿಂದ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯವರೆಗೆ ಅದರ ಉದ್ದ ಸುಮಾರು 24 ಕಿ.ಮೀ. ವರ್ಷಕ್ಕೆ 2 ಕೋಟಿ ಟನ್ ಅದಿರು ಸಾಗಿಸಬಲ್ಲದು.

ಬಸ್ಸಿನ ಕಿಟಕಿಯ ಬಳಿ ಕೂತು ಈ ಅಂಕಿಯನ್ನು ಲಾರಿಗಳಿಗೆ ಇಳಿಸಿ ನೋಡಿದೆ. ಲಾರಿಯೊಂದಕ್ಕೆ 20 ಟನ್ನಿನಂತೆ ವರ್ಷಕ್ಕೆ 10 ಲಕ್ಷ ಟ್ರಿಪ್ಪು. ದಿನಕ್ಕೆ 2,700ಕ್ಕೂ ಹೆಚ್ಚು. ಒಂದು ಲಾರಿ ದಿನಕ್ಕೆ ಮೂರು ಟ್ರಿಪ್ಪು ಹೊಡೆಯುತ್ತದೆಂದರೂ ಒಂಬೈನೂರು ಲಾರಿ ಬೇಕು. ಒಂಬೈನೂರು ಡ್ರೈವರುಗಳು, ಅಷ್ಟೇ ಮಂದಿ ಕ್ಲೀನರುಗಳು. ಅವರ ಹಿಂದೆ ಟೈರಿನ ಅಂಗಡಿ, ಪಂಕ್ಚರ್ ಅಂಗಡಿ, ಗ್ಯಾರೇಜು, ಊಟದ ಖಾನಾವಳಿ. ಕೊಳವೆ ಬಂದಮೇಲೆ ಧೂಳು ಇಳಿದಿದೆ, ರಸ್ತೆಯಲ್ಲಿ ಹೋಗುವ ಜೀವಗಳು ಉಳಿದಿವೆ. ಇದರಲ್ಲಿ ಎರಡು ಮಾತಿಲ್ಲ. ಒಂದು ಕಾಲದಲ್ಲಿ ಈ ರಸ್ತೆಯ ಅಂಚಿನಲ್ಲಿ ನಡೆಯುವುದಕ್ಕೇ ಎದೆಗಾರಿಕೆ ಬೇಕಿತ್ತು.

ಪಕ್ಕದಲ್ಲಿ ಕೂತಿದ್ದ ಹುಡುಗನ ಕಾಲಲ್ಲಿ ಸೇಫ್ಟಿ ಬೂಟು, ತೊಡೆಯ ಮೇಲೆ ಹಳದಿ ಹೆಲ್ಮೆಟ್ಟು, ಕೊರಳಲ್ಲಿ ಗುರುತಿನ ಚೀಟಿ. ಐಟಿಐ ಫಿಟ್ಟರ್ ಓದಿದ್ದಾನೆ. ಚೀಟಿಯ ಮೇಲಿದ್ದದ್ದು ಕಾರ್ಖಾನೆಯ ಹೆಸರಲ್ಲ, ಗುತ್ತಿಗೆದಾರರ ಹೆಸರು. ರಾತ್ರಿ ಪಾಳಿ ಮುಗಿಸಿ ಊರಿಗೆ ಹೊರಟಿದ್ದ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದೆ.

“ಲಾರಿ ಓಡಿಸ್ತಿದ್ರು ಸರ್. ಈಗ ಮನ್ಯಾಗೇ ಅದಾರ.”

“ನಿನ್ನ ಕೆಲಸ ಕಾಯಂ ಆಗುತ್ತದಾ?”

“ಆಗ್ಬೋದು” ಅಂದವನು ಸ್ವಲ್ಪ ತಡೆದು “ವರ್ಷ ವರ್ಷ ರಿನೀವಲ್ ಐತ್ರಿ” ಅಂದ. ಮತ್ತೆ ನಿದ್ದೆಗೆ ಜಾರಿದ.

ಸಂಡೂರಿಗೆ ನಾನು ಹೊರಟಿದ್ದೇ ಈ ಕೆಲಸಗಳ ಜಾಡು ಹಿಡಿಯುವುದಕ್ಕೆ. ಬಳ್ಳಾರಿಯ ಗಣಿಯ ಬಗ್ಗೆ ನಾವು ಕನ್ನಡಿಗರು ಬೇಕಾದಷ್ಟು ಓದಿದ್ದೇವೆ: ಹೆಲಿಕಾಪ್ಟರು, ಚಿನ್ನದ ಕುರ್ಚಿ, ಪಾದಯಾತ್ರೆ, ಜೈಲು. ರಾಜ್ಯದ ರಾಜಕೀಯವನ್ನೇ ಬುಡಮೇಲು ಮಾಡಿದ ಕಥೆ ಅದು. ಆದರೆ ಆ ಅದಿರನ್ನು ಒಡೆದವರು, ಜರಡಿ ಹಿಡಿದವರು, ಬುಟ್ಟಿ ಹೊತ್ತವರು ಎಷ್ಟು ಮಂದಿ, ಈಗ ಎಲ್ಲಿದ್ದಾರೆ? ಇದಕ್ಕೆ ಉತ್ತರ ಯಾವ ವರದಿಯಲ್ಲೂ ನನಗೆ ನೆಟ್ಟಗೆ ಸಿಕ್ಕಿರಲಿಲ್ಲ.

ಭೀಮಗಂಡಿಯಲ್ಲಿ ಗುಡ್ಡಗಳು ಹತ್ತಿರ ಬಂದು ದಾರಿಯನ್ನು ಇಕ್ಕಟ್ಟು ಮಾಡುತ್ತವೆ. ಎದುರಿನ ಓಬಳಗಂಡಿಯಿಂದ ಕಣಿವೆಗೆ ಬರುವ ನಾರಿಹಳ್ಳ ಈ ಗಂಡಿಯಿಂದ ಹೊರಬಿದ್ದು ದರೋಜಿ ಕೆರೆಗೆ ಹೋಗುತ್ತದೆ. ಮಳೆಗಾಲ ಮುಗಿಯುತ್ತಿದ್ದ ದಿನಗಳು. ಗಂಡಿ ದಾಟಿದರೆ ಸುತ್ತ ಗುಡ್ಡಗಳ ಸಾಲು, ನಡುವೆ ಜೋಳ, ಮೆಕ್ಕೆಜೋಳದ ಹೊಲಗಳು, ಅವುಗಳ ಮಧ್ಯೆ ಊರು. ಬಯಲುಸೀಮೆಯಲ್ಲಿ ಇಂಥ ಹಸಿರು ನೋಡಿ ಕಣ್ಣು ತಣ್ಣಗಾಗುತ್ತದೆ. ಆಮೇಲೆ ಗುಡ್ಡದ ನೆತ್ತಿಯ ಕಡೆ ನೋಟ ಹೋಗುತ್ತದೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು.

ಇಲ್ಲಿನ ಅಗೆತ ಇಂದಿನದಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಸಂಡೂರು ಸಂಸ್ಥಾನದ ಗುಡ್ಡಗಳಿಂದ ಮ್ಯಾಂಗನೀಸ್ ಹೊರಟಿತ್ತು. 1954ರಲ್ಲಿ ಘೋರ್ಪಡೆ ಮನೆತನದವರು ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಕಟ್ಟಿದರು. ದೇವಗಿರಿಯ ಮೇಲೆ ಗಣಿಯವರ ಊರೇ ಬೆಳೆಯಿತು. ಮುಂದೆ ಕೇಂದ್ರ ಸರ್ಕಾರದ ಎನ್‌ಎಂಡಿಸಿ ಬಂತು. ದೋಣಿಮಲೈ ಗಣಿಯಲ್ಲಿ 1977ರಲ್ಲಿ ಕೆಲಸ ಶುರುವಾಯಿತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಬೋನಸ್ಸು, ಪಿಎಫ್ ಎಲ್ಲವೂ ಇದ್ದ ಕೆಲಸ ಅದು. ಸಂಡೂರಿನ ಹಿರಿಯರು ಇಂದಿಗೂ “ಕಂಪನಿ ಕೆಲಸ” ಅನ್ನುವಾಗ ದನಿಯಲ್ಲಿ ಒಂದು ತೂಕ ಇರುತ್ತದೆ. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದದ್ದೇ ಅದನ್ನು. ಗಣಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರಲ್ಲಿ ಅದಿರಿನ ಮೇಲೆ ಸೆಸ್ ಹಾಕುವ ಕಾನೂನೂ ಬಂತು. ಅದರ ದುಡ್ಡಿನಲ್ಲಿ ಗಣಿಯವರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ನಡೆದವು. ಜಿಎಸ್‌ಟಿ ಬರುವ ಹೊತ್ತಿಗೆ ಬೇರೆ ಹಲವು ಸೆಸ್‌ಗಳ ಜೊತೆ ಅದನ್ನೂ ತೆಗೆದುಹಾಕಲಾಯಿತು.

ಆದರೆ ಕಂಪನಿಯ ಪಟ್ಟಿಯಲ್ಲಿ ಹೆಸರಿದ್ದವರು ಯಾವಾಗಲೂ ಒಂದು ಪಾಲು ಮಾತ್ರ. ಮಿಕ್ಕವರು ಮೇಸ್ತ್ರಿಯ ಕೈಕೆಳಗಿನವರು. ಅವರನ್ನು ಕಾಣಬೇಕೆಂದು ಸುಶೀಲಾನಗರಕ್ಕೆ ಹೋದೆ.

ಸುಶೀಲಾನಗರದಲ್ಲಿ ಲಂಬಾಣಿ ಜನ ಹೆಚ್ಚು. ಸಿಮೆಂಟಿನ ಮನೆಗಳು, ಮುಂದೆ ಬೇವಿನ ಮರ, ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು. ಅವರಲ್ಲಿ ಹಿರಿಯಾಕೆಗೆ ಅರವತ್ತು ದಾಟಿರಬೇಕು. ಬಂದ ಕಾರಣ ಹೇಳಿದೆ. “ಮೈನ್ಸ್ ಕೆಲಸದ ಬಗ್ಗೆ ಕೇಳಾಕ ಬಂದೀಯೇನು ತಮ್ಮಾ?” ಎಂದು ಒಳಗಿನಿಂದ ಚಾಪೆ ತರಿಸಿ ಹಾಸಿದಳು.

“ನಮ್ಮ ಯಾಡಿ (ತಾಯಿ) ಮ್ಯಾಂಗನೀಸು ಆರಿಸ್ತಿದ್ಲು. ಕೈ ಕರ್ರಗ ಆಗಿರ್ತಿದ್ವು, ಎಷ್ಟು ತೊಳದ್ರೂ ಹೋಗ್ತಿದ್ದಿಲ್ಲ. ನಾನು ಕಬ್ಬಿಣದ ಕಲ್ಲು ಒಡದೆ. ನಮ್ಮ ಕೈ ಕೆಂಪಗ. ನನ್ನ ಸೊಸಿಗೆ ಕೆಲಸಾನ ಇಲ್ಲ.”

ಕಲ್ಲು ಒಡೆಯುವುದು ಹೇಗೆಂದು ತೋರಿಸು ಎಂದೆ. ಮೊಮ್ಮಗನನ್ನು ಕಳಿಸಿ ಹಿತ್ತಲಿಂದ ಒಂದು ಕಲ್ಲು ತರಿಸಿದಳು. ನೀಲಿ ಮಿಶ್ರಿತ ಬೂದು ಬಣ್ಣ, ಒಡೆದ ಕಡೆ ಉಕ್ಕಿನ ಹೊಳಪು. ಸುಲಿದ ತೆಂಗಿನಕಾಯಿಯಷ್ಟು ಗಾತ್ರ. ಎತ್ತಿಕೊಂಡೆ. ಕಣ್ಣು ಅಂದಾಜು ಮಾಡಿದ್ದಕ್ಕಿಂತ ಕೈಗೆ ಬಂದ ಭಾರ ಹೆಚ್ಚು, ಮೂರು ಕಿಲೋದ ಹತ್ತಿರ ಇದ್ದೀತು. ಒಳ್ಳೆಯ ಕಬ್ಬಿಣದ ಅದಿರು ನೀರಿಗಿಂತ ಐದು ಪಟ್ಟು ತೂಗುತ್ತದೆ. ಅವಳು ಕುಕ್ಕರುಗಾಲಿನಲ್ಲಿ ಕೂತು, ಎಡಗೈಯಲ್ಲಿ ಕಲ್ಲನ್ನು ಹಾಸುಗಲ್ಲಿನ ಮೇಲೆ ವಾರೆಯಾಗಿ ಹಿಡಿದು, ಅದರ ಮೈಮೇಲೆ ಬೆರಳಾಡಿಸಿ ಒಂದು ಗೆರೆ ಹುಡುಕಿದಳು. “ಇಲ್ಲಿ ನೋಡು, ಇಲ್ಲಿ ಬಾಯಿ ಐತಿ.” ಅಲ್ಲಿಗೇ ಹೊಡೆಯಬೇಕು. ಬೇರೆ ಕಡೆ ಹೊಡೆದರೆ ಸುತ್ತಿಗೆ ಪುಟಿದು ಮೊಣಕೈಗೆ ಬಡಿಯುತ್ತದೆ, ಚಕ್ಕೆ ಹಾರಿ ಕಣ್ಣಿಗೆ ಬರುತ್ತದೆ. ಎಲ್ಲ ತುಂಡೂ ಒಂದೇ ಅಳತೆಗೆ ಬರಬೇಕು. ದೊಡ್ಡದಾದರೆ ಮೇಸ್ತ್ರಿ ಒಪ್ಪುವುದಿಲ್ಲ, ಪುಡಿಯಾದರೆ ಲೆಕ್ಕಕ್ಕೆ ಬರುವುದಿಲ್ಲ. ಸುತ್ತಿಗೆ ಮನೆಯಲ್ಲಿಲ್ಲ, ಎಂದೋ ಗುಜರಿಗೆ ಹಾಕಿದ್ದಾಳೆ. ಬರಿಗೈಯನ್ನೇ ಎತ್ತಿ ಇಳಿಸಿ ತೋರಿಸಿದಳು. ಮುಂಗೈ ಕೊನೆಯ ಗಳಿಗೆಯಲ್ಲಿ ಸ್ವಲ್ಪ ಒಳಕ್ಕೆ ತಿರುಗುತ್ತಿತ್ತು. ಇಪ್ಪತ್ತು ವರ್ಷ ಮಾಡಿದ ಕೆಲಸ ಅದು.

ಕೂಲಿ ದಿನದ ಲೆಕ್ಕವಲ್ಲ, ಬುಟ್ಟಿ ಲೆಕ್ಕ. ಆಮೇಲೆ ಲಾರಿ ಲೆಕ್ಕ. ಗಂಡ ಹೆಂಡತಿ ಮಕ್ಕಳು ಎಲ್ಲ ಸೇರಿ ಒಂದು ಗುಂಪು. ಹೆಸರು ಬರೆಯುವುದಾದರೆ ಗಂಡನ ಹೆಸರು ಒಂದೇ, ಅದೂ ಮೇಸ್ತ್ರಿಯ ಜೇಬಿನ ನೋಟ್‌ಬುಕ್ಕಿನಲ್ಲಿ. ಎಂಟು ಮಂದಿ ಕೂಡಿ ಒಂದು ಲಾರಿ ತುಂಬಿದರೆ ಬಟವಾಡೆ ಒಬ್ಬನ ಕೈಗೆ.

“ಹಾಜರಿ ಹಾಕ್ತಿದ್ದಿಲ್ಲೇನು?”

“ಯಾರ್ ಹಾಕ್ತಾರ ತಮ್ಮಾ? ಬುಟ್ಟಿ ಎಣಿಸ್ತಿದ್ರು.”

2003ರಿಂದಾಚೆಗೆ ಇಲ್ಲಿ ನಡೆದದ್ದು ಬೇರೆಯದೇ ಲೋಕ. ಚೀನಾದಲ್ಲಿ ಉಕ್ಕಿಗೆ ಹಸಿವು, ಒಲಿಂಪಿಕ್ಸಿನ ತಯಾರಿ. ಟನ್ನಿಗೆ ನೂರರ ಲೆಕ್ಕದಲ್ಲಿದ್ದ ಅದಿರು ಸಾವಿರಗಳಿಗೆ ಏರಿತು. ಹಿಂದೆ ಕಸವೆಂದು ಗುಡ್ಡದ ಬುಡದಲ್ಲಿ ಸುರಿದಿದ್ದ ಪುಡಿಯನ್ನೂ ಬಾಚಿ ಹಡಗಿಗೆ ತುಂಬಿದರು. ಅದೇ ವರ್ಷದ ಮಾರ್ಚಿನಲ್ಲಿ ರಾಜ್ಯ ಸರ್ಕಾರ ತನಗೆಂದು ಕಾಯ್ದಿರಿಸಿಕೊಂಡಿದ್ದ 11,620 ಚದರ ಕಿ.ಮೀ. ಖನಿಜ ಪ್ರದೇಶವನ್ನು ಖಾಸಗಿಯವರಿಗೆ ತೆರೆಯಿತು. ಹೊಲಗಳಲ್ಲಿ ಮೇಲ್ಮಣ್ಣು ಕೆರೆದರೆ ಸಿಗುವ ಅದಿರಿಗೂ ಬೆಲೆ ಬಂತು. ಮೆಣಸಿನಕಾಯಿ, ಜೋಳ ಬೆಳೆಯುತ್ತಿದ್ದ ರೈತ ಹೊಲವನ್ನು ಅಗೆಯಲು ಕೊಟ್ಟು, ತಾನೇ ಆ ಹೊಲದಲ್ಲಿ ಕೂಲಿಗೆ ನಿಂತ. ಆಂಧ್ರದ ಕಡೆಯಿಂದ, ಕೊಪ್ಪಳ ರಾಯಚೂರಿನ ಕಡೆಯಿಂದ ಸಂಸಾರಗಳು ಬಂದು ಗುಡ್ಡದ ಬುಡದಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಹಾಕಿದವು. ಶಾಲೆ ಬಿಟ್ಟ ಮಕ್ಕಳೂ ಕಲ್ಲು ಆರಿಸಲು ಇಳಿದದ್ದು ಆಗಲೇ ವರದಿಯಾಯಿತು. ಹೊಲದ ಕೂಲಿಗೆ ಆಳು ಸಿಗದಂತಾಯಿತು. 2008–09ರ ಹೊತ್ತಿಗೆ ರಾಜ್ಯದ ಕಬ್ಬಿಣದ ಅದಿರಿನ ಉತ್ಪಾದನೆ ವರ್ಷಕ್ಕೆ 4 ಕೋಟಿ ಟನ್ ಮೀರಿತ್ತು.

ಆ ಕಾಲವನ್ನು ನೆನೆಯುವಾಗ ಕಟ್ಟೆಯ ಮೇಲಿನ ಹೆಂಗಸರ ಮುಖದಲ್ಲಿ ನಾನು ಎಣಿಸಿದ್ದ ಕಹಿ ಇರಲಿಲ್ಲ. ಒಬ್ಬಾಕೆ ಅಂದಳು: “ಧೂಳು ಕುಡದ್ವಿ, ಖರೆ. ಆದ್ರ ರೊಕ್ಕ ನೋಡಿದ್ವಿ. ಮಗಳ ಮದವಿ ಸಾಲ ಇಲ್ದಂಗ ಮಾಡ್ದೆ.” ದೂರದಲ್ಲಿ ಕೂತು ಬರೆಯುವ ನಾವು ಇದನ್ನು ಮರೆಯಬಾರದು. ಲೂಟಿ ನಡೆದದ್ದು ನಿಜ. ಗುಡ್ಡಗಳು ಹೋದದ್ದು, ಹಳ್ಳಗಳಲ್ಲಿ ಹೂಳು ತುಂಬಿದ್ದು ನಿಜ. ಆ ಲೂಟಿಯ ಅಂಚಿನಿಂದ ಉದುರಿದ ಚೂರಿನಲ್ಲಿ ಬಡವರ ಮನೆಗಳು ಎದ್ದದ್ದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ನೋಡಲಾರದವರಿಗೆ ಸಂಡೂರು ಅರ್ಥವಾಗುವುದು ಕಷ್ಟ.

ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರ ಡಿಸೆಂಬರಿನಲ್ಲಿ, ಎರಡನೆಯದು 2011ರ ಜುಲೈನಲ್ಲಿ ಬಂದವು. ಜುಲೈ 29, 2011ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಂತಿತು. ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ ಎಂದೇ ನಾನು ನಂಬಿದ್ದೇನೆ. ಆಗ ಶುರುವಾದದ್ದು ಅಳತೆಯ ಕೆಲಸ. ಕೋರ್ಟು ನೇಮಿಸಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿ 166 ಗಣಿ ಗುತ್ತಿಗೆಗಳ ಗಡಿಗಳನ್ನು ಅಳೆಸಿತು. ಯಾರು ಎಷ್ಟು ಅಡಿ ಒತ್ತುವರಿ ಮಾಡಿದ್ದಾರೆ, ಎಲ್ಲಿ ಎಷ್ಟು ಮಣ್ಣು ಸುರಿದಿದ್ದಾರೆ, ಪ್ಲಾಟುಗಳಲ್ಲಿ ಎಷ್ಟು ಟನ್ ಅದಿರು ಬಿದ್ದಿದೆ, ಎಲ್ಲವೂ ಲೆಕ್ಕಕ್ಕೆ ಬಂತು. ಗುತ್ತಿಗೆಗಳನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಿದರು. ಏಪ್ರಿಲ್ 18, 2013ರ ತೀರ್ಪಿನಲ್ಲಿ ‘ಸಿ’ ಗುತ್ತಿಗೆಗಳು ರದ್ದಾದವು, ಮಿಕ್ಕವಕ್ಕೆ ಷರತ್ತು ಬಂತು. ವರ್ಷಕ್ಕೆ ಒಟ್ಟು 3 ಕೋಟಿ ಟನ್, ಅದರಲ್ಲಿ ಬಳ್ಳಾರಿಗೆ 2.5 ಕೋಟಿ ಎಂಬ ಮಿತಿ ಬಂತು. ಕಿತ್ತುಹೋದ ಕಾಡು, ಕೆಟ್ಟ ಹಳ್ಳ, ಒಡೆದ ರಸ್ತೆ ಸರಿಪಡಿಸಲು ನಿಧಿಯೊಂದು ಹುಟ್ಟಿತು. ಬೇರೆ ಯಾವ ರಾಜ್ಯದ ಗಣಿಯಲ್ಲೂ ಇಷ್ಟು ಕೂಲಂಕಷ ಅಳತೆ ನಡೆದದ್ದನ್ನು ನಾನು ಕೇಳಿಲ್ಲ.

ಆದರೆ ಜುಲೈ 30ರ ಬೆಳಿಗ್ಗೆ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗಿ ಬರಿಗೈಯಲ್ಲಿ ವಾಪಸಾದವರನ್ನು ಎಣಿಸುವವರು ಯಾರೂ ಇರಲಿಲ್ಲ.

ಕೋಲಾರದ ಚಿನ್ನದ ಗಣಿ ಮುಚ್ಚಿದ ದಿನ ಎಲ್ಲರಿಗೂ ಗೊತ್ತು: ಫೆಬ್ರುವರಿ 28, 2001. ಅಲ್ಲಿನ ಕಾರ್ಮಿಕರಿಗೆ ಕಂಪನಿಯ ಪಟ್ಟಿಯಲ್ಲಿ ಹೆಸರಿತ್ತು, ಸಂಘವಿತ್ತು, ಕ್ವಾರ್ಟರ್ಸಿತ್ತು. ಬಾಕಿಗಾಗಿ, ಮನೆಗಾಗಿ ವರ್ಷಗಟ್ಟಲೆ ಹೋರಾಡಲು ಆಧಾರವಿತ್ತು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಾಗ ಕಾಯಂ ನೌಕರರಿಗೆ ಮಂಗಳೂರಿನ ಪೆಲೆಟ್ ಘಟಕದ ಬಾಗಿಲಾದರೂ ಇತ್ತು. ಅವರ ಪಾಡು ಸುಖದ್ದೆಂದು ನಾನು ಹೇಳುತ್ತಿಲ್ಲ. ಕೆಲಸ ಕಳೆದುಕೊಂಡೆವು ಎಂದು ತೋರಿಸಲು ಒಂದು ಕಾಗದವಿತ್ತು, ಅಷ್ಟೆ. ಸುಶೀಲಾನಗರದ ಈ ಹೆಂಗಸಿಗೆ ಕೆಲಸವಿತ್ತು ಎಂಬುದಕ್ಕೇ ಕಾಗದವಿಲ್ಲ. ಕಳೆದುಕೊಂಡದ್ದಕ್ಕೆ ಎಲ್ಲಿಂದ ತರುವುದು? ಚರಿತ್ರೆಯಲ್ಲಿ ಇನ್ನೊಂದು ಸಂಗತಿ ಇದೆ. 1930ರಲ್ಲಿ ಕೋಲಾರದ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ತೆಗೆದು ನೋಂದಾಯಿಸುವ ಪದ್ಧತಿಯ ವಿರುದ್ಧ. ಅಂದು ದಾಖಲೆ ಎಂದರೆ ಕಂಪನಿಯ ಹಿಡಿತ. ಇಲ್ಲಿ ದಾಖಲೆ ಇಲ್ಲದಿರುವುದೇ ಮಾಲೀಕನಿಗೆ ಅನುಕೂಲ. ಎರಡೂ ಕಡೆ ಪುಸ್ತಕ ಯಾರ ಕೈಯಲ್ಲಿತ್ತು ಎಂಬುದೇ ಎಲ್ಲವನ್ನೂ ತೀರ್ಮಾನಿಸಿದ್ದು.

ಸಂಡೂರಿನ ಬಸ್‌ ಸ್ಟ್ಯಾಂಡಿನ ಬಳಿಯ ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದಾಗ ಎದುರು ಬೆಂಚಿನ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಹಿಂದೆ ಲಾರಿ ಮಾಲೀಕರು. ಎರಡು ಎಕರೆ ಮಾರಿ, ಮಿಕ್ಕದ್ದಕ್ಕೆ ಸಾಲ ಮಾಡಿ 2007ರಲ್ಲಿ ಲಾರಿ ತಂದಿದ್ದರು. ಒಂದರ ದುಡಿಮೆ ನೋಡಿ ಇನ್ನೊಂದು ತಂದರು. ಇಲ್ಲಿಂದ ಅಂಕೋಲಾ ಪಕ್ಕದ ಬೇಲೇಕೇರಿಗೆ, ಕೃಷ್ಣಪಟ್ಟಣಕ್ಕೆ ಅದಿರು ಹೊಡೆದರು. “ಆವಾಗ ಕಂತು ಅಂದ್ರ ಲೆಕ್ಕಾನ ಅಲ್ರೀ. ಒಂದು ತಿಂಗಳ ದುಡಿಮಿ, ಮೂರು ತಿಂಗಳ ಕಂತು.” ಗಣಿ ನಿಂತ ಮೇಲೆ ಮನೆ ಮುಂದೆ ನಿಂತ ಲಾರಿಗಳ ಬ್ಯಾಟರಿ ಇಳಿಯಿತು, ಟೈರು ಬಿರಿಯಿತು. ಫೈನಾನ್ಸಿನವರು ಒಂದನ್ನು ಎಳೆದೊಯ್ದರು, ಇನ್ನೊಂದನ್ನು ಇವರೇ ಕಬ್ಬಿಣದ ತೂಕಕ್ಕೆ ಮಾರಿದರು. ಹೋದ ಎರಡು ಎಕರೆ ಹಾಗೇ ಹೋಯಿತು. ಈಗ ಊರಲ್ಲಿ ಉಳಿದಿರುವ ತುಂಡು ಜಮೀನಿನಲ್ಲಿ ಮೆಕ್ಕೆಜೋಳ. ಮಕ್ಕಳು ಬೆಂಗಳೂರಿನಲ್ಲಿ. “ಲಾರಿಯವ್ರಿಗಾದ್ರೂ ಆರ್‌ಸಿ ಬುಕ್ಕು ಇತ್ರೀ” ಎಂದು ತಾವೇ ಸೇರಿಸಿದರು. “ನಮ್ಮ ಡ್ರೈವರು ತಮಿಳುನಾಡಿನವ. ಬಟ್ಟಿ ಗಂಟು ಕಟಗೊಂಡು ಹೋದ. ಎಲ್ಲಿ ಅದಾನೋ.”

ಮರುದಿನ ದೋಣಿಮಲೈ ಕಡೆ ಹೋದೆ. ಟೌನ್‌ಶಿಪ್ಪಿನಲ್ಲಿ ನೆರಳಿನ ರಸ್ತೆ, ಸಾಲು ಮನೆ, ಮಕ್ಕಳ ಶಾಲೆ ಬಸ್ಸು. ಇದು ಹೆಸರಿದ್ದವರ ಲೋಕ. ಆದರೆ ಇಲ್ಲಿಯೂ ಗೆರೆ ಇದೆ. 2018ರ ನವೆಂಬರಿನಲ್ಲಿ ಗುತ್ತಿಗೆ ನವೀಕರಣದ ಪ್ರೀಮಿಯಂ ಕುರಿತು ರಾಜ್ಯ ಸರ್ಕಾರಕ್ಕೂ ಎನ್‌ಎಂಡಿಸಿಗೂ ತಕರಾರು ಬಂದು ದೋಣಿಮಲೈ ಗಣಿ ನಿಂತಿತು. ಮತ್ತೆ ತೆರೆದದ್ದು 2021ರ ಫೆಬ್ರುವರಿಯಲ್ಲಿ. ಆ ಎರಡು ವರ್ಷಗಳಲ್ಲಿ ಕಾಯಂ ನೌಕರರ ಪಗಾರ ನಡೆಯಿತು. ಗೇಟಿನ ಹೊರಗೆ ಚಹಾದಂಗಡಿ ಇಟ್ಟುಕೊಂಡಿರುವವ ಹಿಂದೆ ಲೋಡಿಂಗ್ ಗುತ್ತಿಗೆಯಲ್ಲಿದ್ದವ. “ಕಾಯಂ ಮಂದಿಗೆ ಗಣಿ ಬಂದ್ ಆಗಿತ್ತು, ನಮಗೆ ಅನ್ನ ಬಂದ್ ಆಗಿತ್ತು” ಅಂದ. ಮತ್ತೆ ತೆರೆದಾಗ ಅವನನ್ನು ಕರೆಯಲಿಲ್ಲ. ಹೊಸ ಗುತ್ತಿಗೆದಾರ, ಹೊಸ ಆಳು.

ಎತ್ತರದ ತಿರುವಿನಲ್ಲಿ ನಿಂತರೆ ಗಣಿಯ ಮೆಟ್ಟಿಲುಗಳು ದೂರದಿಂದ ಕಾಣುತ್ತವೆ. ಅರ್ಧ ಗಂಟೆ ನೋಡುತ್ತ ನಿಂತೆ. ಒಂದು ಎಕ್ಸ್‌ಕವೇಟರು ಒಂದೇ ಬಾಚಿಗೆ ಹತ್ತು ಟನ್ನಿಗೂ ಮಿಕ್ಕಿ ಎತ್ತಿ ಡಂಪರಿಗೆ ಸುರಿಯುತ್ತಿತ್ತು. ನಾಲ್ಕೈದು ಮಿನಿಟಿಗೊಂದು ಡಂಪರ್ ತುಂಬಿ ಹೊರಡುತ್ತಿತ್ತು. ಇಡೀ ಮೆಟ್ಟಿಲಿನ ಮೇಲೆ ನೆಲಕ್ಕೆ ಕಾಲೂರಿ ನಿಂತ ಮನುಷ್ಯ ಒಬ್ಬನೇ ಕಂಡ, ಕೈಯಲ್ಲಿ ವಾಕಿಟಾಕಿ ಹಿಡಿದವ. ಎಂಟು ಮಂದಿ ಒಂದು ಹೊತ್ತಿನಲ್ಲಿ ತುಂಬುತ್ತಿದ್ದಷ್ಟು ಅದಿರು ಆ ಯಂತ್ರದ ಒಂದು ಬಾಚು. ಅದನ್ನು ನಡೆಸುವವನಿಗೆ ತರಬೇತಿ ಬೇಕು, ಲೈಸೆನ್ಸ್ ಬೇಕು. ಒಳ್ಳೆಯ ಸಂಬಳವೂ ಇದೆ. ಇಂಥ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದವರು ಬಹಳ, ಒಡಿಶಾದವರು, ಜಾರ್ಖಂಡಿನವರು. ಅಲ್ಲಿ ಗಣಿಗಳಲ್ಲೇ ಕಲಿತು ಬಂದವರು ಅವರು. ಅವರ ಮೇಲೆ ಇಲ್ಲಿಯವರು ಸಿಟ್ಟಾಗುವುದನ್ನು ಕೇಳಿದೆ. ಒಪ್ಪಲಾರೆ. ಅವರೂ ಊರು ಬಿಟ್ಟು ಹೊಟ್ಟೆಗೆ ಬಂದವರೇ. ಗುಡ್ಡದ ಬುಡದ ಹುಡುಗರಿಗೆ ಆ ಯಂತ್ರದ ವಿದ್ಯೆ ಕಲಿಸದೆ ದಶಕ ಕಳೆದವರ ಮೇಲೆ ಸಿಟ್ಟಾಗಬೇಕು.

ಕೋರ್ಟು ಹಾಕಿದ್ದ ಅದಿರಿನ ಮಿತಿಯ ಕಥೆ ಮುಂದೆ ಹೀಗಾಯಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು 3.5 ಕೋಟಿ ಟನ್ನಿಗೆ ಏರಿಸಿತು. 2022ರ ಮೇ ತಿಂಗಳಲ್ಲಿ ರಫ್ತಿಗೂ ಬಾಗಿಲು ತೆರೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಮಿತಿ 5 ಕೋಟಿ ಟನ್ ಆಯಿತು, ಬಳ್ಳಾರಿಗೆ 3.5 ಕೋಟಿ, ಚಿತ್ರದುರ್ಗ-ತುಮಕೂರಿಗೆ 1.5 ಕೋಟಿ. ರದ್ದಾದ ‘ಸಿ’ ಗುತ್ತಿಗೆಗಳು ಹರಾಜಿನಲ್ಲಿ ಹೊಸ ಕೈಗಳಿಗೆ ಹೋದವು, ಅದರಲ್ಲಿ ದೊಡ್ಡ ಪಾಲು ಉಕ್ಕಿನ ಕಾರ್ಖಾನೆಗಳಿಗೆ. ಹೆಚ್ಚು ಬೆಲೆಗೆ ಹರಾಜು ಹಿಡಿದವನು ಒಂದು ಟನ್ನಿಗೆ ತಗಲುವ ಖರ್ಚನ್ನು ಎಲ್ಲಿ ಉಳಿಸುತ್ತಾನೆ? ಆಳಿನಲ್ಲಿ. ಹೀಗಾಗಿ, ಕಾಗದದ ಮೇಲೆ ಅನುಮತಿ ಇರುವ ಅದಿರು ಇಂದು ಆ ಹುಚ್ಚು ವರ್ಷಗಳ ಮಟ್ಟವನ್ನು ದಾಟಿದೆ. ಗುಡ್ಡಕ್ಕೆ ನಡೆದು ಹೋಗುವ ಕಾಲುಗಳು ಮಾತ್ರ ಮರಳಿ ಬರಲಿಲ್ಲ. ಗಣಿ ಮತ್ತೆ ಶುರುವಾದರೆ ಕೆಲಸವೂ ಮತ್ತೆ ಶುರುವಾಗುತ್ತದೆ ಎಂದು 2013ರಲ್ಲಿ ಜನ ಕಾದಿದ್ದರು. ಶುರುವಾದದ್ದು ಬೇರೆ ಗಣಿ.

ಎಲ್ಲಕ್ಕಿಂತ ಮೊದಲು ಹೊರಬಿದ್ದವರು ಹೆಂಗಸರು. ಮ್ಯಾಂಗನೀಸ್ ಆರಿಸುವುದು, ಕಲ್ಲು ಒಡೆಯುವುದು, ಜರಡಿ ಹಿಡಿಯುವುದು, ಇವೆಲ್ಲ ಅವರ ಕೈಯಲ್ಲಿದ್ದವು. ಕ್ರಷರು, ಸ್ಕ್ರೀನಿಂಗ್ ಪ್ಲಾಂಟು ಬಂದು ಮೊದಲು ನುಂಗಿದ್ದು ಅವನ್ನೇ. 1952ರ ಗಣಿ ಕಾಯ್ದೆ ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಹೆಂಗಸರ ಕೆಲಸಕ್ಕೆ ತಡೆ ಹಾಕಿತ್ತು, 2019ರಲ್ಲಿ ಆ ತಡೆ ಸಡಿಲವಾಯಿತು. ಕಾಯ್ದೆ ಸಡಿಲವಾದಾಗ ಸುಶೀಲಾನಗರದ ಕಟ್ಟೆಯ ಮೇಲೆ ಕೂತವರಿಗೆ ಹೋಗಲು ಕೆಲಸವೇ ಇರಲಿಲ್ಲ. ಕೆಲವರು ಗುಳೆ ಹೋಗುತ್ತಾರೆ. ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮನೆಗೆ ಬೀಗ, ಮಕ್ಕಳ ಶಾಲೆ ಅರ್ಧಕ್ಕೆ. ಕೆಲವರು ಕಸೂತಿಗೆ ಮರಳಿದ್ದಾರೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಕಸೂತಿಯ ಕೆಲಸ ದಶಕಗಳಿಂದ ನಡೆದಿದೆ, ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಸೇರಿ ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಹೋಯಿತು. ಅಲ್ಲಿ ಒಬ್ಬಾಕೆ ಕೆಂಪು ಬಟ್ಟೆಯ ಮೇಲೆ ಕಾಸಿನಗಲದ ಕನ್ನಡಿ ಇಟ್ಟು, ಅದರ ಸುತ್ತ ಹಳದಿ ನೂಲನ್ನು ಒಂದರೊಳಗೊಂದು ಹೆಣೆದು ಕೂರಿಸುವುದನ್ನು ಬಹಳ ಹೊತ್ತು ನೋಡಿದೆ. ಅಪ್ಪಟ ವಿದ್ಯೆ. ಮರ್ಯಾದೆಯ ಕೆಲಸ. ಆದರೆ ಗುಡ್ಡ ಹತ್ತುತ್ತಿದ್ದ ಎಲ್ಲ ಕೈಗಳಿಗೂ ಸಾಲುವಷ್ಟು ಅದು ಎಂದೂ ಬೆಳೆಯಲಾರದು.

ದುಡ್ಡಿಲ್ಲ ಎಂದು ಯಾರೂ ಹೇಳುವಂತಿಲ್ಲ. 2015ರ ಕಾನೂನಿನಂತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳಿಂದ ರಾಜಧನದ ಶೇ 30, ಹರಾಜಿನ ಗುತ್ತಿಗೆಗಳಿಂದ ಶೇ 10 ಸಂದಾಯವಾಗುತ್ತದೆ. ಬಳ್ಳಾರಿಯ ಪ್ರತಿಷ್ಠಾನ ರಾಜ್ಯದಲ್ಲೇ ಶ್ರೀಮಂತವಾದದ್ದು. ಕೋರ್ಟಿನ ಆದೇಶದಿಂದ ಹುಟ್ಟಿದ ಗಣಿ ಪರಿಸರ ಪುನಶ್ಚೇತನ ನಿಗಮದ ಯೋಜನೆ ಸುಮಾರು 25 ಸಾವಿರ ಕೋಟಿ ರೂಪಾಯಿಯದು. ಅದರ ಮೇಲುಸ್ತುವಾರಿಗೆ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಲಾಯಿತು. ರಸ್ತೆ, ಆಸ್ಪತ್ರೆ, ಕುಡಿಯುವ ನೀರು, ಶಾಲಾ ಕೊಠಡಿ, ರೈಲು ಎಲ್ಲ ಬೇಕಾದವೇ. 2011ರಲ್ಲಿ ಕೆಲಸ ಕಳೆದುಕೊಂಡವರಿಗೂ ಇದರಲ್ಲಿ ಪಾಲು ಕೊಡಿ ಎಂದು ಸಂಡೂರಿನ ಗಣಿ ಕಾರ್ಮಿಕರು ಕೇಳುತ್ತ ಬಂದಿದ್ದಾರೆ. ಆಗ ಎದುರಾಗುವ ಪ್ರಶ್ನೆ ಒಂದೇ: ನೀನು ಕಾರ್ಮಿಕ ಎಂಬುದಕ್ಕೆ ದಾಖಲೆ ಏನು?

ದಾಖಲೆ ಹುಡುಕಿದರೆ ಸಿಗದೇ? ಊರಿನ ಶಾಲೆಯೊಂದರ ಮುಖ್ಯಶಿಕ್ಷಕರ ಬಳಿ ಈ ಮಾತು ತೆಗೆದೆ. ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗಕ್ಕೆ ಒಂದು ಕಲಂ ಇರುತ್ತದೆ. ಅವರಿಗೆ ಆಸಕ್ತಿ ಹುಟ್ಟಿತು. ಬೀರು ತೆಗೆದು 2005ರಿಂದ ಈಚಿನ ಹಾಳೆಗಳನ್ನು ತಾವೇ ತಿರುವಿ ಬೆರಳಿಟ್ಟು ಓದುತ್ತ ಹೋದರು. “ಕೂಲಿ, ಕೂಲಿ, ಕೂಲಿ, ವ್ಯವಸಾಯ, ಕೂಲಿ, ಡ್ರೈವರ್, ಕೂಲಿ…” ಯಾವ ಕೂಲಿ ಎಂದು ಬರೆದಿಲ್ಲ. ತಾಯಿಯ ಉದ್ಯೋಗಕ್ಕೆ ಕಲಮ್ಮೇ ಇರಲಿಲ್ಲ. “ಇಷ್ಟಾದ್ರೂ ಐತಲ್ರೀ” ಅಂದರು ಅವರು. “ಊರವರನ್ನ ಕೂಡಿಸಿ ಈ ಪುಸ್ತಕ ಇಟ್ಕೊಂಡು ಕುಂತ್ರೆ, ಯಾರು ಎಲ್ಲಿ ಕೆಲಸ ಮಾಡಿದ್ರು ಅಂತ ಒಂದು ದಿನದಾಗ ಹೇಳ್ತಾರ. ಗ್ರಾಮಸಭೆ ಮತ್ಯಾಕ ಐತಿ?”

ಅವರ ಮಾತು ತಲೆಯಲ್ಲಿಟ್ಟುಕೊಂಡು ಸಂಜೆ ಮತ್ತೆ ಸುಶೀಲಾನಗರದ ಕಟ್ಟೆಗೆ ಹೋದೆ. ನಿಮ್ಮ ಗುಂಪಿನಲ್ಲಿ ಯಾರ್ಯಾರು ಇದ್ದಿರಿ, ಹೇಳುತ್ತ ಹೋಗಿ, ಬರೆದುಕೊಳ್ಳುತ್ತೇನೆ ಎಂದೆ. ಹಿರಿಯಾಕೆ ಬೆರಳು ಮಡಚುತ್ತ ಶುರುಮಾಡಿದಳು. ಐದನೆಯ ಹೆಸರಿಗೆ ಜಗಳ ಬಂತು. ಅವಳು ನಮ್ಮ ಮೇಸ್ತ್ರಿಯ ಕಡೆ ಅಲ್ಲ, ಆಚೆ ಗುಡ್ಡದಲ್ಲಿದ್ದಳು ಎಂದು ಒಬ್ಬಾಕೆ. ಇಲ್ಲ, ಮಗು ಹುಟ್ಟಿದ ವರ್ಷ ನಮ್ಮ ಕಡೆಯೇ ಬುಟ್ಟಿ ಹೊತ್ತಳು ಎಂದು ಇನ್ನೊಬ್ಬಾಕೆ. ಯಾರೋ ಹುಡುಗನನ್ನು ಓಡಿಸಿ ಮೂರನೆಯವಳನ್ನು ಕರೆಸಿದರು. ಅವಳು ಬಂದು ಇಬ್ಬರೂ ಬಿಟ್ಟಿದ್ದ ಇನ್ನೆರಡು ಹೆಸರು ಸೇರಿಸಿದಳು. ಒಬ್ಬಳು ತೀರಿಕೊಂಡಿದ್ದಾಳೆ, ಬರೆಯಬೇಕೋ ಬೇಡವೋ ಎಂದು ಕೇಳಿದರು. ಬರೆದೆ. ಗುಡಿಸಲು ಹಾಕಿಕೊಂಡಿದ್ದ ಪರಊರಿನವರ ಸರದಿ ಬಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು.

“ಅವರ ಹೆಸರು ನಮಗ ಗೊತ್ತಿಲ್ಲ ತಮ್ಮಾ. ಆಂಧ್ರದ ಕಡಿಯವ್ರು, ಮೂರು ಮನಿ. ಒಬ್ಬಾಕಿ ಬಸರಿ ಇದ್ಲು. ಹಂಗಂತನ ಬರಕೋ.”